ದಂಡಿನ ನಡತೆ, ದಂಡಿನ ಸಂಬಳ

ಸುಬೇದಾರ್: ಸೈನಿಕನ ನಡತೆಯ ಮಾತು ಬಂದಾಗಲೆಲ್ಲ ನೀವು ಕಾಯ್ದೆ, ಸಂಬಳ, ಲೆಕ್ಕ ಅಂತಲೇ ಶುರು ಮಾಡ್ತೀರಿ ಮೇಷ್ಟ್ರೇ. ನನಗದು ಒಪ್ಪೋದಿಲ್ಲ. ಕಾಯ್ದೆ ಪುಸ್ತಕ ಆಫೀಸಿನ ಕಪಾಟಿನಲ್ಲಿರುತ್ತದೆ. ಗುಂಡು ಹಾರುವ ಹೊತ್ತಿನಲ್ಲಿ ಮನುಷ್ಯನ ಕೈ ಹಿಡಿದು ನಿಲ್ಲಿಸುವುದು ಅವನ ಸಂಸ್ಕಾರ, ಪಲ್ಟನ್ನಿನ ಮರ್ಯಾದೆ, ದೇವರ ಭಯ. ನಾಮ್, ನಮಕ್, ನಿಶಾನ್ ಅಂತ ಸುಮ್ಮನೆ ಹೇಳಿಕೊಡುವುದಿಲ್ಲ. ಇವಿದ್ದವನಿಗೆ ಕಲಂ ಓದಿಸಬೇಕಾಗಿಲ್ಲ, ಇಲ್ಲದವನಿಗೆ ಓದಿಸಿ ಪ್ರಯೋಜನವೂ ಇಲ್ಲ.

ಮೇಷ್ಟ್ರು: ದೇವರ ಭಯ ಸಾಕು ಅನ್ನುವವರು ಶೃಂಗೇರಿಯಲ್ಲಿ 1791ರಲ್ಲಿ ನಡೆದದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ. ಮೂರನೇ ಮೈಸೂರು ಯುದ್ಧದ ಕಾಲ. ಕಾರ್ನ್‌ವಾಲಿಸ್, ನಿಜಾಮ, ಪೇಶ್ವೆ ಮೂವರೂ ಸೇರಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಉತ್ತರದಿಂದ ಬಂದ ಮರಾಠಾ ದಂಡಿನ ಮುಂದಾಳು ಪರಶುರಾಮ ಭಾವು ಪಟವರ್ಧನ. ಅವನ ಮನೆತನದ ರಘುನಾಥರಾವ್ ಕುದುರೆ ದಂಡಿನೊಂದಿಗೆ ಇದ್ದ. ಪಟವರ್ಧನರು ಬ್ರಾಹ್ಮಣರು, ಗಣಪತಿಯ ಭಕ್ತರು, ಪುಣೆಯ ಬ್ರಾಹ್ಮಣ ಪ್ರಭುತ್ವದ ಸರದಾರರು. ಶಂಕರಾಚಾರ್ಯರ ಪೀಠದ ಮೇಲೆ ಈ ದಂಡಿಗಿಂತ ಹೆಚ್ಚು ಗೌರವವಿದ್ದ ದಂಡನ್ನು ಆ ಕಾಲದಲ್ಲಿ ಹುಡುಕುವುದೇ ಕಷ್ಟ. ಆದರೂ ಮಠ ಸೂರೆಯಾಯಿತು. ಜನ ಸತ್ತರು, ಶಾರದೆಯ ವಿಗ್ರಹ ಪೀಠದಿಂದ ಕದಲಿತು, ಪೀಠದಲ್ಲಿದ್ದ ಮೂರನೇ ಸಚ್ಚಿದಾನಂದ ಭಾರತಿಗಳು ಘಟ್ಟ ಇಳಿದು ಕಾರ್ಕಳ ಸೇರಬೇಕಾಯಿತು. ಇದು ಒಂದು ಕಡೆಯವರ ದೂರು ಮಾತ್ರವಲ್ಲ. ಟಿಪ್ಪು ಸ್ವಾಮಿಗಳಿಗೆ ಬರೆಸಿದ ಸುಮಾರು 30 ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಅತ್ತ ಪಟವರ್ಧನರ ಮರಾಠಿ ಕಾಗದಗಳೂ ಸೂರೆ ನಡೆಯಿತೆಂದು ಒಪ್ಪುತ್ತವೆ. ಮಾಡಿದವರು ಯಾರು ಎಂಬಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ.

ಸುಬೇದಾರ್: ಅಲ್ಲೇ ನಿಮ್ಮ ವಾದ ಬಿದ್ದುಹೋಯಿತಲ್ಲ ಮಾರಾಯ್ರೇ! ಮಾಡಿದ್ದು ಪಿಂಡಾರಿಗಳು, ಲಮಾಣಿಗಳು ಅಂತ ಆ ಕಾಗದಗಳೇ ಹೇಳುತ್ತವಲ್ಲ. ಅವರು ಸಿಪಾಯಿಗಳಲ್ಲ, ದಂಡಿನ ಹಿಂದೆ ಮುಂದೆ ಓಡಾಡುವ ಗುಂಪು. ಅವರ ಪಾಪವನ್ನು ಸರದಾರನ ತಲೆಗೆ ಕಟ್ಟುವುದು ನ್ಯಾಯವೇ?

ಮೇಷ್ಟ್ರು: ಅವರು ದಂಡಿನ ಹೊರಗಿನವರು ಎನ್ನುವುದೇ ನನ್ನ ವಾದದ ತಿರುಳು. ಪಿಂಡಾರಿಗೆ ತಿಂಗಳ ಸಂಬಳವಿಲ್ಲ. ಅವನ ಕುದುರೆಗೆ ಹುಲ್ಲು, ಅವನ ಹೊಟ್ಟೆಗೆ ಹಿಟ್ಟು ಬರಬೇಕಾದ್ದು ಎದುರಾಳಿಯ ಊರುಗಳಿಂದ. ಹಾಗೆ ದೋಚಿದ್ದರಲ್ಲಿ ಒಂದು ಪಾಲನ್ನು ಸರಕಾರಕ್ಕೆ ಒಪ್ಪಿಸಬೇಕು. ಪಾಲಪಟ್ಟಿ ಎಂಬ ಹೆಸರಿನಲ್ಲಿ ಅದಕ್ಕೊಂದು ತೆರಿಗೆಯೇ ಇತ್ತು. ಸೂರೆಯ ಮೇಲೆ ತೆರಿಗೆ ಎತ್ತುವ ಪ್ರಭುತ್ವ ಸೂರೆಗಾರನನ್ನು ನಮ್ಮವನಲ್ಲ ಅನ್ನುವುದು ಹೇಗೆ? ಇನ್ನೊಂದು ಮಾತು. ಸೂರೆ ಕ್ಷಣದ ಆವೇಶದಲ್ಲಿ ಮುಗಿಯುವ ಕೆಲಸವಲ್ಲ. ಮಠದ ಪಾತ್ರೆ, ಬೆಳ್ಳಿ, ಬಟ್ಟೆ, ಆನೆ ಕುದುರೆಗಳನ್ನು ಮಲೆನಾಡಿನ ಏರು ದಾರಿಯಲ್ಲಿ ಸಾಗಿಸಲು ಹೇರೆತ್ತು ಬೇಕು, ಕಾವಲು ಬೇಕು, ಕೊಳ್ಳುವವರು ಬೇಕು. ಕೊಳ್ಳುವವರು ಇದ್ದದ್ದು ದಂಡಿನ ಬಜಾರಿನಲ್ಲಿ. ಆ ಬಜಾರು ಸರದಾರನ ಡೇರೆಯಿಂದ ಕೂಗಳತೆಯಲ್ಲಿ ನಡೆಯುತ್ತಿತ್ತು. ಇನ್ನು ಲಮಾಣಿಗಳ ವಿಷಯದಲ್ಲಿ ನನಗೆ ಅನುಮಾನವೇ ಹೆಚ್ಚು. ದಂಡಿಗೆ ಧಾನ್ಯ ಹೊತ್ತು ತರುವ ಹೇರಿನವರು ಅವರು. ಅವರಿಲ್ಲದೆ ಮರಾಠಾ ದಂಡಿರಲಿ, ಕಾರ್ನ್‌ವಾಲಿಸನ ದಂಡೂ ಹೆಜ್ಜೆ ಎತ್ತುತ್ತಿರಲಿಲ್ಲ. ತಪ್ಪಾದಾಗ ಹೇರೆತ್ತಿನವರ ಜಾತಿಯ ಹೆಸರು ಹೇಳಿಬಿಡುವುದು ಪತ್ರ ಬರೆಯುವ ಸರದಾರನಿಗೆ ಬಹಳ ಸುಲಭ. ಕೆಲವರು ಭಾಗಿಗಳಾಗಿದ್ದರೂ ಇರಬಹುದು. ಆದರೆ ಆಜ್ಞೆ ಯಾರದು, ತಡೆಯಬೇಕಾದವರು ಯಾರು ಎಂಬ ಪ್ರಶ್ನೆಗೆ ಒಂದು ಸಮುದಾಯದ ಹೆಸರು ಉತ್ತರವಾಗಲಾರದು.

ಸುಬೇದಾರ್: ಸರಿ, ಮರಾಠರ ಸರದಾರ ತಪ್ಪಿದ ಅಂತಲೇ ಇಟ್ಟುಕೊಳ್ಳೋಣ. ಅದೇ ಕತೆಯಲ್ಲಿ ಟಿಪ್ಪುವೂ ಇದ್ದಾನಲ್ಲ. ಸುದ್ದಿ ಕೇಳಿ ಮರುಗಿ ಪತ್ರ ಬರೆದ, ಶಾರದೆಯ ಪುನಃಪ್ರತಿಷ್ಠೆಗೆ ಹಣ ಕಳಿಸಿದ. ಅವನಿಗೆ ಯಾವ ಕಲಂ ಹೇಳಿತ್ತು? ಅದು ಮನುಷ್ಯನ ಗುಣ ಅಲ್ಲವೇ?

ಮೇಷ್ಟ್ರು: ಗುಣವೋ ರಾಜಕಾರಣವೋ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ, ಎರಡೂ ಇದ್ದಿರಬಹುದು. ಬಿದನೂರಿನ ಆಸಫನಿಗೆ, ಅಂದರೆ ಪ್ರಾಂತಾಧಿಕಾರಿಗೆ, ಹೇಳಿ 200 ರಾಹತಿ ನಾಣ್ಯ ನಗದು, ಅಷ್ಟೇ ಬೆಲೆಯ ಸಾಮಗ್ರಿ ಕೊಡಿಸಿದ್ದು ಪತ್ರದಲ್ಲಿದೆ. ನಾನು ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅದು ತನ್ನ ಸೀಮೆಯ ಮಠಕ್ಕಾದ ನಷ್ಟವನ್ನು ಅರಸ ತುಂಬಿಕೊಟ್ಟದ್ದು. ದಂಡಿನ ನಡತೆಗೆ ಸಾಕ್ಷಿ ಬೇಕಿದ್ದರೆ ಅವನ ದಂಡು ಬೇರೆಯವರ ಸೀಮೆಯಲ್ಲಿ ಹೇಗಿತ್ತು ನೋಡಬೇಕು. ಕೊಡಗಿನಲ್ಲಿ ಹೇಗಿತ್ತೆಂದು ಕೊಡಗಿನವರನ್ನೇ ಕೇಳಬೇಕು. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರ ನೆನಪು ಅಲ್ಲಿ ಇನ್ನೂ ಆರಿಲ್ಲ. ಟಿಪ್ಪುವಿನ ಕಾಲದಲ್ಲಿ ಫತಹುಲ್ ಮುಜಾಹಿದೀನ್ ಎಂಬ ಸೇನಾ ಕೈಪಿಡಿಯೇ ರಚನೆಯಾಗಿತ್ತು, ಕವಾಯತು ಹೇಗೆ, ಸಾಲು ಹೇಗೆ ಎಂದೆಲ್ಲ ಹೇಳುವಂಥದ್ದು. ಆದರೂ ಮೈಸೂರಿನ ದಂಡಿನಲ್ಲೂ ಸೂರೆಯ ಮೇಲೆಯೇ ಬದುಕುವ ಕುದುರೆ ಸವಾರರಿದ್ದರು. ಇಂಗ್ಲಿಷರ ಕಾಗದಗಳಲ್ಲಿ ಅವರ ಹೆಸರೇ ಲೂಟಿಗಳು. ಅಂದರೆ ಒಂದೇ ದಂಡಿನೊಳಗೆ ಎರಡು ಬಗೆಯ ಮನುಷ್ಯರು. ಸಂಬಳ ತಿನ್ನುವವನಿಗೆ ನಿಯಮ, ಸಂಬಳವಿಲ್ಲದವನಿಗೆ ಊರು.

ಸುಬೇದಾರ್: ಈ ಗೋಜನ್ನು ಬಿಡಿಸಿದವರು ಬ್ರಿಟಿಷರು ಅಂತಲಾದರೂ ಒಪ್ಪುತ್ತೀರೋ? ತಿಂಗಳ ಪಗಾರ, ಹಾಜರಿ, ಕೋರ್ಟ್ ಮಾರ್ಷಲ್ ಎಲ್ಲ ಬಂದದ್ದು ಅವರಿಂದ.

ಮೇಷ್ಟ್ರು: ಅರ್ಧ ಒಪ್ಪುತ್ತೇನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿ ಪಗಾರದ ಸಿಪಾಯಿಗಳೇ, ಬಿಳಿಯರೂ ಕರಿಯರೂ, ಊರನ್ನು ಬಗೆದುಹಾಕಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ಕೆಲವರನ್ನು ನೇಣಿಗೆ ಹಾಕಿಸಿ, ಹಲವರಿಗೆ ಛಡಿಯೇಟು ಹೊಡೆಸಿ ಸೂರೆ ನಿಲ್ಲಿಸಿದ. ಇದನ್ನು ಶಿಸ್ತಿನ ಉದಾಹರಣೆಯೆಂದು ಪುಸ್ತಕಗಳು ಕೊಂಡಾಡುತ್ತವೆ. ಆದರೆ ಅದೇ ವಾರ ಅರಮನೆಯ ಭಂಡಾರವನ್ನು ಎಣಿಸಲು ಅಧಿಕಾರಿಗಳ ಸಮಿತಿ ಕುಳಿತುಕೊಂಡಿತು. ಹತ್ತು ಲಕ್ಷ ಪೌಂಡಿಗೂ ಮೀರಿದ ಆ ಸಂಪತ್ತನ್ನು ಪದವಿಗೆ ತಕ್ಕ ಹಾಗೆ ಹಂಚಿಕೊಂಡರು. ಸೇನಾಪತಿ ಹ್ಯಾರಿಸ್‌ಗೆ ಎಂಟನೇ ಒಂದು ಪಾಲು. ಅವನು ತನ್ನ ಹಕ್ಕಿಗಿಂತ ಹೆಚ್ಚು ತೆಗೆದುಕೊಂಡನೆಂದು ಕಂಪನಿಯೇ ಆಮೇಲೆ ತಕರಾರು ತೆಗೆಯಿತು. ನೇಣಿಗೆ ಹೋದ ಸಿಪಾಯಿಯ ಅಪರಾಧ ಸೂರೆಯೋ, ರಸೀದಿಯಿಲ್ಲದ ಸೂರೆಯೋ? ಅವರ ನಿಯಮ ನಿಲ್ಲಿಸಿದ್ದು ಗಲಭೆಯನ್ನು, ಲಾಭವನ್ನಲ್ಲ.

ಇದಕ್ಕೆ ಹೋಲಿಸಿದರೆ ಅದಕ್ಕೂ ನೂರಿಪ್ಪತ್ತೈದು ವರ್ಷ ಹಿಂದಿನ ಒಂದು ಮರಾಠಿ ಪತ್ರವೇ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಚಿಪಳೂಣದ ಬಳಿ ಮಳೆಗಾಲಕ್ಕೆ ಬೀಡುಬಿಟ್ಟ ಕುದುರೆ ದಂಡಿನ ಅಧಿಕಾರಿಗಳಿಗೆ ಶಿವಾಜಿಯಿಂದ ಬಂದ ಪತ್ರ ಅದು. ಧರ್ಮೋಪದೇಶ ಅದರಲ್ಲಿ ಕಡಿಮೆ, ಉಗ್ರಾಣದ ಲೆಕ್ಕವೇ ಜಾಸ್ತಿ. ಕೂಡಿಟ್ಟ ಹುಲ್ಲು ಕಾಳನ್ನು ಈಗಲೇ ಬೇಕಾಬಿಟ್ಟಿ ಖರ್ಚು ಮಾಡಿದರೆ ನಡುಮಳೆಯಲ್ಲಿ ಕುದುರೆ ಉಪವಾಸ ಬೀಳುತ್ತವೆ; ಆಗ ನೀವು ರೈತರ ಮನೆಗೆ ನುಗ್ಗಿ ಕಾಳು, ರೊಟ್ಟಿ, ಕಟ್ಟಿಗೆ, ಸೊಪ್ಪು ಕಿತ್ತುಕೊಳ್ಳುತ್ತೀರಿ; ನಿಮಗಿಂತ ಮೊಗಲರೇ ವಾಸಿ ಅಂತ ರೈತ ಅನ್ನುತ್ತಾನೆ; ಬೇಕಾದ್ದನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ತನ್ನಿ, ಎಂಬುದು ಅದರ ಸಾರಾಂಶ. ಸೂರತ್ತನ್ನು ಎರಡು ಸಲ ಸೂರೆ ಮಾಡಿದ ಅರಸನೇ ಇದನ್ನು ಬರೆಸಿದ ಎಂದು ನೀವು ಆಕ್ಷೇಪಿಸಬಹುದು, ಆಕ್ಷೇಪ ಸರಿಯೇ. ಆದರೆ ತನ್ನ ರೈತನ ಮನೆ ಉಳಿಯಬೇಕಾದರೆ ಎಲ್ಲಿಂದ ಕೈ ಹಾಕಬೇಕೆಂದು ಅವನಿಗೆ ಗೊತ್ತಿತ್ತು. ಅವನು ಸಿಪಾಯಿಯ ಮನಸ್ಸಿಗೆ ಕೈ ಹಾಕಲಿಲ್ಲ, ಲಾಯಕ್ಕೆ ಹಾಕಿದ. ನಮ್ಮ ಹಳೆಯ ಕನ್ನಡ ಕಾವ್ಯದ ವೀರರು ಹೇಳಿಕೊಳ್ಳುವ ಜೋಳವಾಳಿಯಾದರೂ ಏನು? ಉಂಡ ಜೋಳದ ಋಣ. ಉಣ್ಣಲು ಇಕ್ಕದೆ ಋಣ ಕೇಳಿದವರು ಪಟವರ್ಧನರ ಕಾಲದವರು.

ಸುಬೇದಾರ್: ಹಾಗಾದರೆ ಇವತ್ತು ನಿಮಗೆ ತಕರಾರೇ ಇರಬಾರದು. ಇವತ್ತಿನ ಜವಾನನಿಗೆ ಸಂಬಳ ಬ್ಯಾಂಕಿಗೆ ಬರುತ್ತದೆ, ಊಟ ಲಂಗರ್‌ನಲ್ಲಿ ಸಿಗುತ್ತದೆ, ಪೂರ್ಣಾವಧಿ ಸೇವೆ ಮುಗಿಸಿದವನಿಗೆ ಪಿಂಚಣಿ ಇದೆ. ಯಾರ ಮನೆಯ ಕೋಳಿಗೂ ಅವನು ಕೈ ಹಾಕಬೇಕಾಗಿಲ್ಲ. 1950ರ ಸೇನಾ ಕಾಯ್ದೆಯ 36ನೇ ಕಲಂ ನೋಡಿ: ಸೂರೆಗಾಗಿ ಮನೆ ನುಗ್ಗಿದರೆ ಸಾಮಾನ್ಯ ಕಾಲದಲ್ಲಿ 7 ವರ್ಷ, ಯುದ್ಧಸೇವೆಯಲ್ಲಿದ್ದಾಗ 14 ವರ್ಷದವರೆಗೆ ಜೈಲು. ಸಾಮಾನ್ಯ ಕಾಲದ ಶಿಕ್ಷೆ ಯುದ್ಧಸೇವೆಯಲ್ಲಿ ದುಪ್ಪಟ್ಟಾಗುತ್ತದೆ. ನೀವು ಹೇಳಿದ ಪಿಂಡಾರಿ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ. 2ನೇ ಕಲಮಿನ ಪ್ರಕಾರ ಯುದ್ಧಸೇವೆಯಲ್ಲಿ, ಬೀಡಿನಲ್ಲಿ, ನಡಿಗೆಯಲ್ಲಿ ಸೇನೆಯ ಜೊತೆಗಿರುವ ಅನುಚರರೂ ಈ ಕಾಯ್ದೆಗೆ ಒಳಪಡುತ್ತಾರೆ. ಅಡುಗೆಯವನು, ಹೇರಿನವನು, ಯಾರೇ ಇರಲಿ.

ಮೇಷ್ಟ್ರು: ಆ 2ನೇ ಕಲಂ ನನಗೆ ಇಡೀ ಕಾಯ್ದೆಯಲ್ಲೇ ಮೆಚ್ಚಿನದು. ಶೃಂಗೇರಿಯಲ್ಲಿ ಬಿಟ್ಟುಹೋಗಿದ್ದ ಬಾಗಿಲನ್ನು ಅದು ಮುಚ್ಚಿತು: ದಂಡಿನ ಜೊತೆ ಬಂದವನು ದಂಡಿನವನು, ಅವನ ಲೆಕ್ಕ ದಂಡಿನದು. 1949ರ ನಾಲ್ಕನೇ ಜಿನೀವಾ ಒಪ್ಪಂದ ಸೂರೆಯನ್ನು ನಿಷೇಧಿಸುತ್ತದೆ. ಗುಡಿ, ಮಠ, ಗ್ರಂಥಾಲಯಗಳಂಥ ಸಾಂಸ್ಕೃತಿಕ ಸ್ವತ್ತಿಗೆ 1954ರ ಹೇಗ್ ಒಪ್ಪಂದವಿದೆ, ಭಾರತ ಅದನ್ನು 1958ರಲ್ಲೇ ಅನುಮೋದಿಸಿತು. ಹಸಿವಿನಿಂದ ಹುಟ್ಟುವ ಅಪರಾಧ ನಮ್ಮ ಸೇನೆಯಲ್ಲಿ ಬಹುತೇಕ ಮುಗಿದ ಕತೆ, ಅದು ಸಣ್ಣ ಸಾಧನೆಯಲ್ಲ. ಆದರೆ ಲಾಭ ವೇಷ ಬದಲಿಸುತ್ತದೆ. ಹೊರ ಶತ್ರುವಿಲ್ಲದ, ಒಳನಾಡಿನ ಕಾರ್ಯಾಚರಣೆಗಳಲ್ಲಿ ಗೆದ್ದದ್ದಕ್ಕೆ ಗುರುತು ಯಾವುದು? ಕೋಟೆ ಬೀಳುವುದಿಲ್ಲ, ಗಡಿ ಸರಿಯುವುದಿಲ್ಲ. ಉಳಿಯುವುದು ಹೆಣಗಳ ಸಂಖ್ಯೆ, ಅದರ ಹಿಂದೆ ಬರುವ ಪದಕ, ಬಡ್ತಿ, ಪ್ರಶಂಸೆ. ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ಮಣಿಪುರದ ಆರು ಎನ್‌ಕೌಂಟರ್‌ಗಳ ತನಿಖೆಗೆ ಆಯೋಗ ನೇಮಿಸಿತು. ಅದರ ಮುಖ್ಯಸ್ಥರು ನಮ್ಮ ಘಟ್ಟದ ಕೆಳಗಿನ ನಿಟ್ಟೆಯವರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ, ಸದಸ್ಯರಲ್ಲಿ ಒಬ್ಬರು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಸೇನೆ, ಪೊಲೀಸು ಎಂದರೆ ಮೂಗು ಮುರಿಯುವ ಮಂದಿಯಲ್ಲ ಇವರು. ಆರಕ್ಕೆ ಆರೂ ನಿಜವಾದ ಎನ್‌ಕೌಂಟರ್‌ಗಳಲ್ಲ ಎಂದು ವರದಿ ಕೊಟ್ಟರು.

ಸುಬೇದಾರ್: ಆರು ಪ್ರಕರಣ ಹಿಡಿದು ಇಡೀ ಸೇನೆಯನ್ನು ತೂಗಬೇಡಿ. ಅದರಲ್ಲಿ ರಾಜ್ಯ ಪೊಲೀಸರೂ ಇದ್ದರು. ಒಳ್ಳೆಯ ನಡತೆಗೆ ವರದಿ ಬರೆಯುವವರು ಯಾರಿದ್ದಾರೆ? ಇನ್ನೊಂದು ನೆನಪಿಡಿ, ನಿಯಮ ಬೇಕೆಂದು ಹೊರಗಿನವರು ಕೂಗುವ ಮೊದಲೇ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಬಿ.ಸಿ. ಜೋಶಿ 1993ರಲ್ಲಿ ಹತ್ತು ಕಟ್ಟಳೆಗಳನ್ನು ಹೊರಡಿಸಿದ್ದರು. ಜನರೊಂದಿಗೆ ಹೇಗಿರಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂದು ಪ್ರತಿ ಜವಾನನಿಗೂ ಗೊತ್ತು.

ಮೇಷ್ಟ್ರು: ಗೊತ್ತು, ಮತ್ತು 1997ರ ನವೆಂಬರಿನಲ್ಲಿ ನಾಗಾ ಜನರ ಚಳವಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನು ಮಾಡಬೇಕು, ಏನು ಮಾಡಬಾರದು ಎಂಬ ಸೇನೆಯ ಕಟ್ಟಳೆಗಳು ಬರೀ ಬುದ್ಧಿಮಾತಲ್ಲ, ಪಾಲಿಸಲೇಬೇಕಾದವು ಎಂದಿತು. ಅದರ ಫಲ ಏನೆಂದು 2020ರಲ್ಲಿ ಕಂಡಿತು. ಕಾಶ್ಮೀರದ ಶೋಪಿಯಾನಿನ ಅಂಶೀಪುರದಲ್ಲಿ ಆ ಜುಲೈನಲ್ಲಿ ಮೂವರು ಉಗ್ರರನ್ನು ಕೊಂದೆವೆಂಬ ಸುದ್ದಿ ಬಂತು. ಸತ್ತವರು ರಜೌರಿಯಿಂದ ಕೂಲಿಗೆ ಬಂದ ಹುಡುಗರು. ಸೆಪ್ಟೆಂಬರಿನಲ್ಲಿ ಸೇನೆಯೇ ಮುಂದೆ ಬಂದು, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಮಿತಿ ಮೀರಲಾಗಿದೆ, ಮುಖ್ಯಸ್ಥರ ಕಟ್ಟಳೆಗಳು ಮುರಿದಿವೆ ಎಂದು ಹೇಳಿಕೆ ಕೊಟ್ಟಿತು. ನಿಮ್ಮ ಪಲ್ಟನ್ ಮರ್ಯಾದೆ ಅಲ್ಲಿ ಕೆಲಸ ಮಾಡಿತು, ನಾನು ಒಪ್ಪುತ್ತೇನೆ; ಮುಚ್ಚಿಡುವ ದಾರಿ ಇದ್ದರೂ ಮುಚ್ಚಿಡಲಿಲ್ಲ. ಪೊಲೀಸರ ಆರೋಪಪಟ್ಟಿ ಮಾತ್ರ ಇನ್ನೊಂದು ಸಂಗತಿ ಹೇಳಿತು: ಇದೆಲ್ಲ 20 ಲಕ್ಷ ರೂಪಾಯಿ ಬಹುಮಾನದ ಆಸೆಗೆ. ಅಂಥ ನಗದು ಬಹುಮಾನದ ಪದ್ಧತಿಯೇ ತನ್ನಲ್ಲಿಲ್ಲ ಎಂದು ಸೇನೆ ಉತ್ತರ ಕೊಟ್ಟಿತು. ಕೋರ್ಟ್ ಮಾರ್ಷಲ್ 2023ರಲ್ಲಿ ಅಧಿಕಾರಿಗೆ ಜೀವಾವಧಿ ಶಿಕ್ಷೆ ಹೇಳಿತು. ಅದೇ ನವೆಂಬರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅಪರಾಧ ಆಯಿತೋ ಇಲ್ಲವೋ ಎನ್ನುವುದು ನ್ಯಾಯಾಲಯದ ಕೆಲಸ. ನನಗೆ ಮುಖ್ಯವಾಗಿ ಕಾಣುವುದು ಜಗಳ ಎಲ್ಲಿಗೆ ಬಂದು ನಿಂತಿತು ಎನ್ನುವುದು. ದುಡ್ಡು ಇತ್ತೋ ಇಲ್ಲವೋ ಎಂಬಲ್ಲಿಗೆ. ಕಟ್ಟಳೆಯಲ್ಲಿ ಏನು ಬರೆದಿತ್ತು ಎಂಬುದರ ಬಗ್ಗೆ ಇಬ್ಬರಿಗೂ ತಕರಾರೇ ಇರಲಿಲ್ಲ.

ಸುಬೇದಾರ್: ಅಷ್ಟು ದೂರ ಯಾಕೆ ಹೋಗಬೇಕು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರು ಎರಡು ದಶಕ ಬಂದೂಕು ಹಿಡಿದವರ ನಡುವೆಯೇ ಬದುಕಿದರಲ್ಲ.

ಮೇಷ್ಟ್ರು: ಬದುಕಿದರು. ಆದರೆ ಅಲ್ಲಿದ್ದದ್ದು ಸೇನೆಯಲ್ಲ, ನಕ್ಸಲ್ ನಿಗ್ರಹ ದಳ. ಅದು ಪೊಲೀಸು, ಅದಕ್ಕೆ ಸೇನಾ ಕಾಯ್ದೆ ಹೊಂದುವುದಿಲ್ಲ. 2005ರ ಫೆಬ್ರುವರಿಯಲ್ಲಿ ನಕ್ಸಲ್ ಮುಖಂಡ ಸಾಕೇತ್ ರಾಜನ್ ಹತರಾದದ್ದರಿಂದ 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದವರೆಗಿನ ಕತೆಯನ್ನು ಇಲ್ಲಿ ಬಿಚ್ಚುವುದು ಬೇಡ, ಅದಕ್ಕೊಂದು ಬೇರೆ ದಿನ ಬೇಕು. ಒಂದೇ ಒಂದು ಅಂಶ ತೆಗೆದುಕೊಳ್ಳುತ್ತೇನೆ. ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟು 2014ರ ಸೆಪ್ಟೆಂಬರಿನಲ್ಲಿ ಪೊಲೀಸರಿಗೆ 16 ಸೂತ್ರ ಹಾಕಿತು. ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಇವೆಲ್ಲ ಯಾರೂ ಊಹಿಸಬಹುದಾದವು. ಇನ್ನೊಂದು ಸೂತ್ರ ಹೇಳುತ್ತದೆ: ಘಟನೆ ನಡೆದ ಬೆನ್ನಿಗೆ ಅದರಲ್ಲಿದ್ದ ಅಧಿಕಾರಿಗಳಿಗೆ ಸರದಿ ತಪ್ಪಿಸಿದ ಬಡ್ತಿಯಾಗಲಿ ಶೌರ್ಯ ಪುರಸ್ಕಾರವಾಗಲಿ ಕೊಡಕೂಡದು. ನ್ಯಾಯಾಧೀಶರು ಇಲ್ಲಿ ಪೊಲೀಸನ ಆತ್ಮಸಾಕ್ಷಿಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಪಾಲಪಟ್ಟಿಯ ಬಾಗಿಲಿಗೇ ಬೀಗ ಹಾಕಿದರು.

ಸುಬೇದಾರ್: ನೀವು ಎಲ್ಲವನ್ನೂ ದುಡ್ಡಿಗೂ ಬಡ್ತಿಗೂ ಇಳಿಸಿಬಿಟ್ಟಿರಿ. ಕತ್ತಲಲ್ಲಿ ಪೊದೆ ಅಲುಗಾಡುತ್ತದೆ. ಜವಾನನಿಗೆ ಇರುವುದು ಎರಡು ಸೆಕೆಂಡು. ಹೊಡೆದರೆ ವಿಚಾರಣೆ, ಹೊಡೆಯದಿದ್ದರೆ ಸಾವು. ಅವನನ್ನು ಕೋರ್ಟಿಗೆ ಎಳೆಯಲು ಕಾದಿರುವವರಲ್ಲಿ ಎದುರಾಳಿಗಳೂ ಇರುತ್ತಾರೆ, ಸುಳ್ಳು ದೂರೂ ಅವರ ಅಸ್ತ್ರವೇ. ಅದಕ್ಕೇ ಅಲ್ಲವೇ ವಿಶೇಷಾಧಿಕಾರ ಕಾಯ್ದೆಯಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡಬಾರದು ಅಂತ ಇಟ್ಟದ್ದು?

ಮೇಷ್ಟ್ರು: ಆ ಎರಡು ಸೆಕೆಂಡಿನಲ್ಲಿ ನೀವು ಹೇಳಿದ ಸಂಸ್ಕಾರ, ತರಬೇತಿಯೇ ಗತಿ, ಅಲ್ಲಿ ಸಂಬಳದ ಪುಸ್ತಕಕ್ಕೆ ಕೆಲಸವಿಲ್ಲ, ಇದನ್ನು ನಾನು ಪೂರ್ತಿ ಬಿಟ್ಟುಕೊಡುತ್ತೇನೆ. ಹೆದರಿದವನ ಕೈ ತಪ್ಪುವುದಕ್ಕೂ ಯೋಚಿಸಿ ಮಾಡಿದ್ದಕ್ಕೂ ಯಾವ ಕಾಯ್ದೆಯೂ ಒಂದೇ ತಕ್ಕಡಿ ಹಿಡಿಯಬಾರದು. ಆದರೆ ಶೃಂಗೇರಿಯ ಸೂರೆ ಎರಡು ಸೆಕೆಂಡಿನದಲ್ಲ. ಅಂಶೀಪುರ, ಮಣಿಪುರದ ಆರೋಪಗಳೂ ಪೊದೆ ಅಲುಗಿದವಲ್ಲ. ಅನುಮತಿಯ ಕಲಂ ಕಟ್ಟಿದ್ದು ಮೊದಲನೆಯ ಬಗೆಯವನಿಗಾಗಿ, ಬಳಕೆಯಾಗುವುದು ಎರಡನೆಯವನಿಗೂ. 2016ರ ಜುಲೈನಲ್ಲಿ ಮಣಿಪುರದ ತೀರ್ಪು ಬರೆದ ಪೀಠ, ಅಧಿಕಾರದ ದುರುಪಯೋಗಕ್ಕೆ ಪೂರ್ಣ ರಕ್ಷಣೆ ಯಾರಿಗೂ ಇಲ್ಲ ಎಂದದ್ದು ಇದಕ್ಕೇ. ಸುಳ್ಳು ದೂರಿನ ಭಯಕ್ಕೂ ಮದ್ದು ದಾಖಲೆಯೇ: ಯಾರು ಹೊರಟರು, ಯಾವ ಆಜ್ಞೆ ಮೇಲೆ, ಎಷ್ಟು ಗುಂಡು ಹೋಯಿತು. ಆ ಪುಸ್ತಕ ಸರಿಯಿದ್ದರೆ ಮೊದಲು ಉಳಿಯುವವನು ಜವಾನ.

ದಾಖಲೆ ಎಂದಾಗ ನನ್ನನ್ನು ಕಾಡುವುದು ಇನ್ನೊಂದಿದೆ. ಶಿವಮೊಗ್ಗದಿಂದ ಶೃಂಗೇರಿಗೆ ತೀರ್ಥಹಳ್ಳಿಯ ಕಡೆಯಿಂದ ಬಂದರೂ, ಇಂದಿನ ನರಸಿಂಹರಾಜಪುರ, ಕೊಪ್ಪದ ಕಡೆಯಿಂದ ಬಂದರೂ ದಾರಿಯುದ್ದಕ್ಕೂ ಗದ್ದೆ, ಅಡಿಕೆ ತೋಟ, ಒಂಟಿ ಮನೆಗಳು. ಕುದುರೆ ದಂಡಿಗೆ ಮಠ ತಲುಪುವ ತನಕ ಹಸಿವಾಗಲಿಲ್ಲವೇ? ಮಠಕ್ಕೆ ಕಡತವಿತ್ತು, ಅರಸನಿಗೆ ಪತ್ರ ಬರೆಯುವ ಲೇಖಕರಿದ್ದರು. ಆದ್ದರಿಂದ ಅದರ ನಷ್ಟ ನಮಗೆ ಗೊತ್ತು. ಪಣತದ ಭತ್ತ ಹೋದವನು ಯಾವ ಆಸಫನಿಗೆ ಬರೆಸಿಯಾನು?

ಸುಬೇದಾರ್: ಈಗಿನ ಕಾಯ್ದೆಯಲ್ಲಿ ಅದಕ್ಕೂ ದಾರಿಯಿದೆ. 71ನೇ ಕಲಂ ಪ್ರಕಾರ ಅಪರಾಧದಿಂದ ಆದ ನಷ್ಟ ರುಜುವಾತಾದರೆ ಅದು ತೀರುವವರೆಗೆ ತಪ್ಪಿತಸ್ಥನ ಸಂಬಳ ತಡೆಹಿಡಿಯಬಹುದು. ನೋಡಿ, ನಿಮ್ಮ ಪುಸ್ತಕಕ್ಕೇ ಬಂದೆ.

ಮೇಷ್ಟ್ರು: ಬಂದಿರಿ, ಆದರೆ ಹೇರೆತ್ತಿನವನ ಸಂಬಳ ತಡೆದರೆ ಮಠದ ನಷ್ಟ ತೀರಲು ಎಷ್ಟು ತಲೆಮಾರು ಬೇಕು? ಅದಕ್ಕೇ 1907ರ ಹೇಗ್ ಒಪ್ಪಂದದ 3ನೇ ವಿಧಿ ಭಾರವನ್ನು ಮೇಲಕ್ಕೆ ಎತ್ತಿಟ್ಟಿತು. ಯುದ್ಧ ಮಾಡುವ ರಾಷ್ಟ್ರ ತನ್ನ ಸಶಸ್ತ್ರ ಪಡೆಗೆ ಸೇರಿದವರು ಮಾಡಿದ ಎಲ್ಲ ಕೃತ್ಯಗಳಿಗೂ ಹೊಣೆ, ಪರಿಹಾರವನ್ನೂ ಅದೇ ಕೊಡಬೇಕು ಎಂದಿತು. ಶೃಂಗೇರಿಯಲ್ಲಿ ಇದು ತಲೆಕೆಳಗಾಗಿತ್ತು. ದಾಳಿ ಮಾಡಿದ ಕಡೆಯವರು ಪಿಂಡಾರಿಯ ಕಡೆ ಬೆರಳು ತೋರಿಸಿದರು, ಹಣ ಕೊಟ್ಟವನು ದಾಳಿಗೆ ಒಳಗಾದ ಅರಸ.

ಸುಬೇದಾರ್: 3ನೇ ವಿಧಿಯ ಪಡೆಗೆ ಸೇರಿದವರು ಎಂಬ ಮಾತಿನೊಳಗೆ ಪಿಂಡಾರಿ ಬರುತ್ತಾನೋ ಇಲ್ಲವೋ, ಪಟವರ್ಧನರ ವಕೀಲ ಅಲ್ಲೇ ಕಾಲು ಊರಿ ನಿಲ್ಲುತ್ತಿದ್ದ. ಪಿಂಡಾರಿಯ ಹೆಸರು ಹಾಜರಿ ಪಟ್ಟಿಯಲ್ಲಿಲ್ಲ ಅನ್ನುತ್ತಿದ್ದ.

ಮೇಷ್ಟ್ರು: ಅನ್ನುತ್ತಿದ್ದ. ಆಗ ಎದುರು ವಕೀಲ ಹಾಜರಿ ಪಟ್ಟಿ ಕೇಳುತ್ತಿರಲಿಲ್ಲ, ಪಾಲಪಟ್ಟಿ ಜಮೆಯಾದ ಲೆಕ್ಕ ಕೇಳುತ್ತಿದ್ದ.